ಭಾವನ ಷೋಕೇಸಿನ ಪಿಂಗಾಣಿ ಹೆಣ್ಣು

ನಮ್ಮ ಭಾವ, ಎಂದರೆ ನನ್ನ ಗಂಡನ ಅಣ್ಣ, ಪಿಂಗಾಣಿ ಗೊಂಬೆ ಎತ್ತಿಕೊಳ್ಳುತ್ತಿದ್ದ ರೀತಿ ನೆನಪಾದರೆ ಈಗಲೂ ನನಗೆ ಊಟ ಸೇರುವುದಿಲ್ಲ. ಎಲೆಅಡಿಕೆ ತುಂಬಿದ ಬಾಯಿಯ ಅಂಚನ್ನು ಹೆಬ್ಬೆರಳಿನಿಂದ ಒರೆಸಿಕೊಂಡು, ಆ ಒದ್ದೆ ಬೆರಳಿನಲ್ಲೇ ಗೊಂಬೆಯ ಸೊಂಟ ಹಿಡಿಯುತ್ತಿದ್ದರು. ಗಾಜಿನಂತೆ ಹೊಳೆಯುವ ಬಿಳಿ ಗ್ಲೇಜಿನ ಲೇಪದ ಮೇಲೆ ಕೆಂಪು ಗುರುತು ಬೀಳುತ್ತಿತ್ತು. ಅವರು ಆಚೆ ಹೋದ ಮೇಲೆ ನಾನು ಒದ್ದೆ ಬಟ್ಟೆ ತಂದು ಒರೆಸುತ್ತಿದ್ದೆ. ಒರೆಸಿದರೆ ಗುರುತು ಹೋಗುತ್ತಿತ್ತು. ಪಿಂಗಾಣಿಯ ಗುಣ ಅದು, ಏನನ್ನೂ ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ನಾನು ಹಾಗಿರಲಿಲ್ಲ.

ನನಗೆ ಈ ವಿದ್ಯೆ ಬಂದದ್ದು ಸೋದರಮಾವನಿಂದ. ಬೆಂಗಳೂರಿನ ಪೇಟೆಯಲ್ಲಿ ಅವರಿಗೆ ಹಳೆ ಸಾಮಾನಿನ ಅಂಗಡಿ ಇತ್ತು. ಅವರ ಮನೆಯಲ್ಲಿದ್ದು ಓದುವಾಗ ಕಾಲೇಜು ಮುಗಿಸಿ ಅಂಗಡಿಗೆ ಹೋಗಿ ದೂಳು ಹೊಡೆಯುತ್ತಿದ್ದೆ. ಗಡಿಯಾರ, ಲಾಟೀನು, ಗ್ರಾಮಫೋನುಗಳ ನಡುವೆ ನನಗೆ ಇಷ್ಟವಾದವು ಪಿಂಗಾಣಿ ಗೊಂಬೆಗಳು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಮಾಡಿದವು. ಉದ್ದ ಕುತ್ತಿಗೆಯ ಹೆಂಗಸರು, ಕಾಲು ಮಡಿಸಿ ಮಲಗಿದ ಜಿಂಕೆಗಳು, ಕಣ್ಣಿನ ಜಾಗದಲ್ಲಿ ಬರೀ ಒಂದು ಗೆರೆ ಎಳೆದಿದ್ದ ಮುಖಗಳು. ಮಾವ ಹೇಳುತ್ತಿದ್ದರು: "ಮುಖ ಮೊದಲು ನೋಡಬೇಡ, ಮೋಸ ಹೋಗ್ತೀಯ. ತಳ ನೋಡು." ತಳದಲ್ಲಿ ಕಾರ್ಖಾನೆಯ ಮುದ್ರೆ ಗ್ಲೇಜಿನ ಅಡಿಯಲ್ಲಿದೆಯೋ ಮೇಲಿದೆಯೋ, ನೆಲಕ್ಕೆ ತಾಗುವ ಅಂಚು ಉಪಯೋಗಿಸಿ ಸವೆದಿದೆಯೋ ಅಥವಾ ಯಾರೋ ಉಜ್ಜಿ ಸವೆಸಿದ್ದಾರೋ, ಅಚ್ಚಿನ ಎರಡು ಭಾಗ ಕೂಡಿದ ಗೆರೆಯನ್ನು ಕೈಯಿಂದ ನಯ ಮಾಡಿದ್ದಾರೋ ಹಾಗೇ ಬಿಟ್ಟಿದ್ದಾರೋ, ಇವನ್ನೆಲ್ಲ ನೋಡಿದ ಮೇಲೆಯೇ ಮುಖಕ್ಕೆ ಬರಬೇಕು. ನನ್ನ ಮದುವೆಗೆ ಮುಂಚೆಯೇ ಮಾವ ತೀರಿಕೊಂಡರು. ಅಂಗಡಿ ಮುಚ್ಚಿತು. ಈ ವಿದ್ಯೆ ಇನ್ನೆಲ್ಲಿಯೂ ಉಪಯೋಗಕ್ಕೆ ಬರುವುದಿಲ್ಲ ಎಂದುಕೊಂಡೇ ನಾನು ರಾಮನಗರಕ್ಕೆ ಸೊಸೆಯಾಗಿ ಬಂದೆ.

ಗಂಡನ ಮನೆಯವರು ಮೊದಲು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಿದ್ದವರು. ಜಮೀನು ಬಿಡದಿಯ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ನನ್ನ ಗಂಡ ಅಲ್ಲೇ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕೆ ಸೇರಿದರು. ಭಾವ ಬೇರೆಯವರ ಜಮೀನು ಕೊಡಿಸುವ ವ್ಯವಹಾರಕ್ಕೆ ಇಳಿದರು. ಅವರ ಕೈ ಹತ್ತಿತು. ಊರಾಚೆ ಮುಖ್ಯರಸ್ತೆಗೆ ಹತ್ತಿರ ದೊಡ್ಡ ಮನೆ ಕಟ್ಟಿಸಿ, ಹಳೆಯ ಮನೆಯಲ್ಲಿ ನಮ್ಮನ್ನು ಇರಲು ಬಿಟ್ಟಿದ್ದರು. ಬಾಡಿಗೆ ಕೇಳುತ್ತಿರಲಿಲ್ಲ. ಅದನ್ನು ಮರೆಯಲೂ ಬಿಡುತ್ತಿರಲಿಲ್ಲ.

ಒಂದು ದಿನ ಯಾವುದೋ ಕಂಪನಿಯ ಗೆಸ್ಟ್‌ಹೌಸಿಗೆ ಹೋಗಿ ಬಂದ ಭಾವ ನೇರ ನಮ್ಮ ಅಡುಗೆಮನೆಯ ಬಾಗಿಲಿಗೇ ಬಂದು ನಿಂತರು.

"ಅಲ್ಲಮ್ಮ, ಆ ದೊಡ್ಡೋರೆಲ್ಲ ಹಳೇ ಪಿಂಗಾಣಿ ಬೊಂಬೆ ಮಡಿಕ್ಕಂಡವ್ರೆ. ಒಂದೊಂದ್ಕೂ ಲೈಟು ಹಾಕ್ಸವ್ರೆ. ನೀನು ನಿಮ್ಮಾವನ ಅಂಗ್ಡೀಲಿ ಇಂಥವೇ ಒರುಸ್ತಿದ್ದೆ ಅಂತಿದ್ನಲ್ಲ ನನ್ ತಮ್ಮ? ನಿಂಗೆ ಗೊತ್ತಾಯ್ತದಾ ಯಾವ್ದು ಅಸಲು, ಯಾವ್ದು ನಕಲು ಅಂತ?"

"ಗೊತ್ತಾಗುತ್ತೆ ಭಾವ," ಎಂದೆ. ಹೇಳುವಾಗ ಒಳಗೊಳಗೇ ಖುಷಿಯಾಗಿತ್ತು, ಸುಳ್ಳೇಕೆ. ಮದುವೆಯಾದ ಮೇಲೆ ನನಗೆ ಏನು ಗೊತ್ತು ಎಂದು ಯಾರೂ ಕೇಳಿರಲಿಲ್ಲ.

ಹಾಗೆ ಶುರುವಾಯಿತು. ಭಾವನ ಕಾರಿನಲ್ಲಿ ಮಾಗಡಿ, ಕನಕಪುರದ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದೆವು. ವಾರಗಿತ್ತಿಯೂ ಜೊತೆಗೆ ಬರುತ್ತಿದ್ದಳು. ಅವಳು ಭಾವನ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದೆ. ಬಹಳ ಮಾತಿನವಳಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂರುತ್ತಿದ್ದಳು. ಹೆಂಗಸರಿಬ್ಬರು ಜೊತೆಗಿದ್ದರೆ ಯಾರ ಮನೆಯವರಾದರೂ ಒಳಗೆ ಕರೆಯುತ್ತಾರೆ ಎನ್ನುವುದು ಭಾವನ ಲೆಕ್ಕ ಎಂದು ನನಗೆ ತಿಳಿದದ್ದು ಆಮೇಲೆ.

ಸಿಕ್ಕಿದ್ದರಲ್ಲಿ ಹೆಚ್ಚಿನವು ಸಾಧಾರಣವಾದವು. ಜಾತ್ರೆಯಲ್ಲಿ ಕೊಂಡ ಪ್ಲಾಸ್ಟರಿನ ಗಿಳಿ, ಮೂಗು ಒಡೆದ ನಾಯಿ, ತಲೆ ಅಲ್ಲಾಡಿಸುವ ಅಜ್ಜ. ನಿಜವಾದ ವಸ್ತು ಕಂಡದ್ದು ಗುಡೇಮಾರನಹಳ್ಳಿಯಲ್ಲಿ. ಒಕ್ಕಲುತನದ ಮನೆ. ಯಜಮಾನಿ ಐವತ್ತು ದಾಟಿದ ಹೆಂಗಸು. ರಾಗಿ ಹಸನು ಮಾಡುತ್ತಿದ್ದವಳು ಎದ್ದು ಕೈ ಒರೆಸಿಕೊಂಡು ನಮ್ಮನ್ನು ಒಳಗೆ ಕರೆದಳು. ನಡುಮನೆಯ ಗೋಡೆಗೂಡಿನಲ್ಲಿ, ಕೆಟ್ಟುಹೋದ ರೇಡಿಯೋ ಪಕ್ಕದಲ್ಲಿ, ಅದು ಕೂತಿತ್ತು. ಮಂಡಿಯೂರಿ ಕೂದಲು ಹರಡಿಕೊಂಡ ಒಬ್ಬ ಹೆಣ್ಣು. ಅವಳ ತೊಡೆಗೆ ಮೂತಿ ಆನಿಸಿಕೊಂಡ ಒಂದು ಜಿಂಕೆಮರಿ. ಮೈಯೆಲ್ಲ ಹಾಲಿನ ಬಿಳುಪು, ಕೂದಲು ಮಾತ್ರ ಪಾಚಿಯ ಹಸಿರು. ಮೈಮೇಲೆ ಒಂದೇ ಸುತ್ತು ಬಟ್ಟೆ ಇತ್ತು, ಆದರೂ ನೋಡಿದವರಿಗೆ ನಾಚಿಕೆ ಬಾರದ ಹಾಗೆ ಕೂತಿದ್ದಳು, ತನ್ನ ಪಾಡಿಗೆ ತಾನು.

"ನಮ್ಮಾವ ಮೈಸೂರು ದಸರಾಕ್ಕೆ ಹೋಗಿದ್ದಾಗ ತಂದಿದ್ದು ಕಣವ್ವ," ಎಂದಳು ಯಜಮಾನಿ. "ನಮ್ಮತ್ತೆ ಬಯ್ದಿದ್ರಂತೆ, ಬಟ್ಟೆ ಇಲ್ದ ಬೊಂಬೆ ಯಾಕ್ ತಂದೆ ಅಂತ. ಆಮೇಕೆ ಅವರೇ ದಿನಾ ಒರುಸ್ತಿದ್ರು."

ನಾನು ಎರಡೂ ಕೈಯಲ್ಲಿ ಎತ್ತಿಕೊಂಡು ತಳ ತಿರುಗಿಸಿದೆ. ಗ್ಲೇಜಿನ ಅಡಿಯಲ್ಲಿ ಮಾಸಿದ ನೀಲಿ ಮುದ್ರೆ, ಪಕ್ಕದಲ್ಲಿ ಹಸಿಮಣ್ಣಿನಲ್ಲೇ ಒತ್ತಿದ್ದ ಅಂಕಿ. ಬೆಂಗಳೂರಿನ ಒಂದು ಹಳೆಯ ಕಾರ್ಖಾನೆಯದು, ಮಾವನ ಅಂಗಡಿಯಲ್ಲಿ ನೋಡಿದ್ದ ಮುದ್ರೆ. ಅಚ್ಚಿನ ಗೆರೆಯನ್ನು ಯಾರೋ ಸಮಾಧಾನವಾಗಿ ನಯ ಮಾಡಿದ್ದರು. ಜಿಂಕೆಯ ಕಿವಿಯ ಒಳಗೂ ಕುಂಚ ಹೋಗಿತ್ತು. ಎಲ್ಲೂ ಮುಕ್ಕಾಗಿರಲಿಲ್ಲ. ನಾನು ತಡೆಯಲಾರದೆ ಹೇಳಿಬಿಟ್ಟೆ, "ದೊಡ್ಡಮ್ಮ, ಇದು ಬಹಳ ಒಳ್ಳೇದು. ಇಂಥದು ಈಗ ಸಿಗಲ್ಲ. ತಿಳಿದೋರು ಇದಕ್ಕೆ ಒಂದು ಒಳ್ಳೆ ಎಮ್ಮೆಯ ಬೆಲೆ ಕೊಡ್ತಾರೆ. ಯಾರಿಗೂ ಸುಮ್ಮನೆ ಕೊಡಬೇಡಿ."

ಯಜಮಾನಿ ನಕ್ಕಳು. "ಮಾರಕ್ಕಲ್ಲ ಕಣ್ ತಾಯಿ. ಇರ್ಲಿ ಅತ್ಲಾಗೆ, ಗೂಡು ಬಿಕೋ ಅಂತದೆ." ಮಜ್ಜಿಗೆ ಕೊಟ್ಟು ಕಳಿಸಿದಳು.

ಕಾರು ಹತ್ತಿದ ಮೇಲೆ ಭಾವ ಕಿಟಕಿ ಇಳಿಸಿ ಕೆಂಪಗೆ ಉಗಿದರು. ಗಾಳಿಗೆ ಒಂದಷ್ಟು ಹಿಂದಕ್ಕೆ ಬಂದು ಅಕ್ಕನ ಸೆರಗಿನ ಮೇಲೆ ಬಿತ್ತು. ಅವಳು ಒರೆಸಿಕೊಂಡಳು.

"ಏನಮ್ಮ ನೀನು? ಮಡಿಕ್ಕಂಡಿರೋರ ಮುಂದೇನೇ ಬೆಲೆ ಯೋಳ್ತಾರಾ? ನನ್ ಕಿವೀಲಿ ಯೋಳೋದಲ್ವಾ?"

"ಅವರದು ವಸ್ತು. ಅವರಿಗೆ ತಾನೇ ಗೊತ್ತಿರಬೇಕು?"

"ಆಯ್ತು ಬುಡು," ಎಂದರು. ಅವರು 'ಆಯ್ತು ಬುಡು' ಎಂದರೆ ಆಗಿಲ್ಲ ಎಂದರ್ಥ.

ಸ್ವಲ್ಪ ದಿನ ಕಳೆದು ದೊಡ್ಡ ಮನೆಗೆ ಹೋದಾಗ ಷೋಕೇಸಿನ ನಡುವಿನ ಅರೆಯಲ್ಲಿ ಅವಳು ಕೂತಿದ್ದಳು. ಹಸಿರು ಕೂದಲು, ಜಿಂಕೆಮರಿ. ತಲೆಯ ಮೇಲೆ ಹಳದಿ ಬಲ್ಬು. ನಾನು ಹತ್ತಿರ ಹೋಗಿ ಗಾಜಿನೊಳಗೆ ಬಗ್ಗಿ ನೋಡಿದೆ.

"ಕೊಟ್ರಾ ಅವರು?"

ಭಾವ ಸೋಫಾದಲ್ಲಿ ಕಾಲು ಅಲ್ಲಾಡಿಸುತ್ತಾ ಕೂತಿದ್ದರು. ಹೇಳಲು ಅವರಿಗೇ ಆತುರವಾಗಿತ್ತು. ಆ ಮನೆಯ ಮಗಳಿಗೆ ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿಲ್ಲ ಎಂದು ಅಕ್ಕಪಕ್ಕದಲ್ಲಿ ವಿಚಾರಿಸಿ ತಿಳಿದುಕೊಂಡಿದ್ದರು. ಆಮೇಲೆ ಶಾಸ್ತ್ರ ಹೇಳುವವನೊಬ್ಬನನ್ನು ಹಿಡಿದು ಅಲ್ಲಿಗೆ ಕಳಿಸಿದ್ದರು. ಅವನು ಗೂಡಿನ ಕಡೆ ನೋಡಿ, ಕೂದಲು ಬಿಟ್ಟುಕೊಂಡ ಹೆಣ್ಣು ಮನೆಯೊಳಗೆ ಕೂತಿರುವ ತನಕ ಈ ಮನೆಯ ಮಗಳ ಮಡಿಲು ತುಂಬುವುದಿಲ್ಲ ಎಂದಿದ್ದ.

"ಅದೇ ದಿನ ಆವಮ್ಮನೇ ಬಟ್ಟೇಲಿ ಸುತ್ತಿ ಕೊಟ್ಬುಟ್ಲು. ಒಂದು ಕಾಸೂ ಇಸ್ಕಳ್ಳಿಲ್ಲ," ಎಂದು ನಕ್ಕರು. ಹಲ್ಲಿನ ಸಂದಿಯಲ್ಲೆಲ್ಲ ಅಡಿಕೆ ಚೂರು. "ನೀನು ಎಮ್ಮೆ ಬೆಲೆ ಅಂದಿದ್ದೆ. ನಂಗೆ ಒಂದು ಹಿಡಿ ಸಗಣೀನೂ ಖರ್ಚಾಗ್ಲಿಲ್ಲ ನೋಡು."

ಆ ತಾಯಿ ಗೋಡೆಗೂಡಿನ ಮುಂದೆ ನಿಂತು, ಅತ್ತೆ ದಿನಾ ಒರೆಸುತ್ತಿದ್ದ ಗೊಂಬೆಯನ್ನು ಬಟ್ಟೆಯಲ್ಲಿ ಸುತ್ತುವಾಗ ಏನಂದುಕೊಂಡಿರಬೇಕು? ಇಷ್ಟು ವರ್ಷ ತನ್ನ ಕೈಯಾರೆ ಮಗಳ ಬಾಳಿಗೆ ಮುಳ್ಳಾದೆ ಎಂದುಕೊಂಡಿರಬೇಕು. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಶಿಫ್ಟು ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದರು.

"ಅಣ್ಣ ಅಂಗೇ ಕಣೇ," ಎಂದರು. "ಮನೆ ಬಾಡ್ಗೆ ಕಟ್ಟದೆ ಅವನ್ನ ಎದುರಾಕ್ಕಳಾಕೆ ಆಯ್ತದಾ? ನೀನು ಇನ್ಮೇಲೆ ಹೋಗ್ಬ್ಯಾಡ ಅಷ್ಟೇ."

ನಾನು ಹೋಗುವುದನ್ನು ನಿಲ್ಲಿಸಿದೆ. ತಲೆನೋವು ಎಂದೆ, ವ್ರತ ಎಂದೆ. ಭಾವ ಒತ್ತಾಯ ಮಾಡಲಿಲ್ಲ. ಅವರಿಗೆ ಹಳ್ಳಿ ಸುತ್ತುವುದಕ್ಕಿಂತ ಸುಲಭದ ದಾರಿ ಸಿಕ್ಕಿತ್ತು ಎಂದು ಆಗ ನನಗೆ ಗೊತ್ತಿರಲಿಲ್ಲ.

ಅವರ ಸ್ನೇಹಿತರು ಸೇರಿದ ದಿನ ಅಕ್ಕನಿಗೆ ಅಡುಗೆಯಲ್ಲಿ ಕೈಜೋಡಿಸಲು ಹೋಗುತ್ತಿದ್ದೆ. ತಟ್ಟೆ ತರುವಾಗ, ತೆಗೆಯುವಾಗ ಕಣ್ಣಿಗೆ ಬೀಳುತ್ತಿತ್ತು. ಜಮೀನಿನ ಮಾತು ಮುಗಿದ ಮೇಲೆ ಯಾರಾದರೊಬ್ಬರು ಷೋಕೇಸಿನ ಗಾಜು ಸರಿಸಿ ಅವಳನ್ನು ಹೊರಗೆ ತೆಗೆಯುತ್ತಿದ್ದರು. ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮಾಂಸ ತಿಂದ ಬೆರಳುಗಳು ಅವಳ ಎದೆಯ ಮೇಲೆ, ಬೆನ್ನಿನ ಮೇಲೆ ಆಡುತ್ತಿದ್ದವು. "ಏನ್ಲಾ, ಅತ್ಗೆಗಿಂತ ನುಣ್ಣಗವ್ಳೆ!" ಎಂದು ಒಬ್ಬ ಅಂದ. ಎಲ್ಲರೂ ನಕ್ಕರು. ಭಾವನೂ ನಕ್ಕರು. ಬಾಗಿಲಲ್ಲಿ ಅನ್ನದ ಬೋಗುಣಿ ಹಿಡಿದು ನಿಂತಿದ್ದ ಅಕ್ಕ ಕೇಳಿಸಿಕೊಂಡಳು. ಬೋಗುಣಿ ಇಟ್ಟು ಒಳಗೆ ಹೋದಳು.

ಮುಂದಿನ ಬೇಸಿಗೆಯಲ್ಲಿ ಭಾವ ಸಾತನೂರಿನ ಕಡೆ ಮಾಡಿಸಿದ್ದ ತೋಟದ ಮನೆಯಲ್ಲಿ ಒಂದು ಮಧ್ಯಾಹ್ನದ ಊಟ ಏರ್ಪಡಿಸಿದರು. ಬಿಡದಿಯ ಒಂದು ಕಂಪನಿಯ ದೊಡ್ಡ ಅಧಿಕಾರಿ ಬರುತ್ತಾರೆ, ಹೊರ ರಾಜ್ಯದವರು, ಕನ್ನಡ ಕಲಿತಿದ್ದಾರೆ, ಹಳೆಯ ಗೊಂಬೆಗಳೆಂದರೆ ಪ್ರಾಣ ಎಂದರು. "ನೀನು ಬರ್ಲೇಬೇಕು ಕಣಮ್ಮ. ಏನೂ ಮಾಡ್ಬ್ಯಾಡ. ಕೈಯಾಗೆ ಇಡ್ಕಂಡು ಒಳ್ಳೇದು ಅಂತ ಒಂದ್ ಮಾತು ಯೋಳು, ಸಾಕು." ನನ್ನ ಗಂಡನ ಮುಖ ನೋಡಿದೆ. ಅವರು ನೆಲ ನೋಡಿದರು. ಹೋದೆ.

ಹಜಾರದಲ್ಲಿ ಹೊಸದೊಂದು ಷೋಕೇಸು. ಒಳಗೆ ಒಬ್ಬಳಲ್ಲ, ಹಸಿರು ಕೂದಲಿನ ಮೂವರು ಮಂಡಿಯೂರಿ ಕೂತಿದ್ದರು. ಮೂರು ಜಿಂಕೆಮರಿ. ದೂರದಿಂದಲೇ ತಿಳಿಯಿತು. ಅಸಲಿ ಗೊಂಬೆಯ ಮೇಲೆ ಅಚ್ಚು ತೆಗೆದು ಅದರಲ್ಲಿ ಮಣ್ಣು ಹೊಯ್ದರೆ, ಸುಟ್ಟಾಗ ಆ ಮಣ್ಣು ಕುಗ್ಗುತ್ತದೆ. ನಕಲು ಯಾವಾಗಲೂ ಅಸಲಿಗಿಂತ ಒಂದು ಸುತ್ತು ಚಿಕ್ಕದು. ಈ ಮೂವರೂ ಕುಗ್ಗಿದ್ದರು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಜಿಂಕೆಯ ಕಿವಿ ಮೊಂಡಾಗಿತ್ತು. ಗ್ಲೇಜಿನ ತುಂಬ ಕೂದಲೆಳೆಯಂಥ ಬಿರುಕು, ಬಿರುಕಿನ ತುಂಬ ಕಂದು ಕೊಳೆ. ಅರ್ಧ ಶತಮಾನದ ಹೊಗೆ ದೂಳು ಕುಡಿದಂತೆ ಕಾಣಲಿ ಎಂದು ಮಾಡಿದ್ದು. ಅಸಲಿಯವಳು ತನ್ನ ಪಾಡಿಗೆ ತಾನು ಕೂತಿದ್ದ ಗಾಂಭೀರ್ಯ ಹೋಗಿ, ಮೂವರ ಮುಖದಲ್ಲೂ ಏನೋ ಬೇಡುವ ಕಳೆ ಬಂದಿತ್ತು.

ಅಧಿಕಾರಿ ಊಟಕ್ಕೆ ಕೂತಿದ್ದರು. ಬಿಳಿ ಷರಟು, ಒಳ್ಳೆಯ ಮಾತು. ಬಾಳೆಲೆಯ ಮೇಲೆ ಮುದ್ದೆ, ಮಟನ್ ಸಾರು. ಭಾವ ಒಂದು ಗೊಂಬೆ ತೆಗೆದು ನನ್ನ ಕೈಗಿಟ್ಟರು.

"ನಮ್ಮ ತಮ್ಮನ ಹೆಂಡ್ತಿ ಸಾರ್. ಈ ವಿಷ್ಯದಾಗೆ ಓದ್ಕಂಡೋಳು. ಯೋಳಮ್ಮ."

ನನಗೆ ತಿಳಿಯದೆಯೇ ನನ್ನ ಕೈ ಅಭ್ಯಾಸದಂತೆ ಗೊಂಬೆಯ ತಳ ತಿರುಗಿಸಿತು. ಒಳಗೆ ಟೊಳ್ಳಾದ ಗೊಂಬೆಗೆ ಸುಡುವಾಗ ಬಿಸಿಗಾಳಿ ಹೊರಗೆ ಹೋಗಲು ತಳದಲ್ಲಿ ಒಂದು ತೂತು ಬಿಡುತ್ತಾರೆ. ಇದರ ತೂತಿನ ಅಂಚಿನಲ್ಲಿ ಹೊಸ ಮಣ್ಣಿನ ಬಿಳುಪು ಕಾಣದಿರಲಿ ಎಂದು ಮೇಣ ತುಂಬಿ ಮೇಲೆ ಮಣ್ಣು ಸವರಿದ್ದರು. ಷೋಕೇಸಿನ ಬಲ್ಬಿನ ಬಿಸಿಗೋ ಬೇಸಿಗೆಯ ಬಿಸಿಗೋ ಮೇಣ ಮೆತ್ತಗಾಗಿತ್ತು. ಹೆಬ್ಬೆರಳು ತಾಗಿದ್ದೇ ತಡ, ಕಿತ್ತುಕೊಂಡು ಬಂತು. ಹಿಂದೆಯೇ ಕಂದು ಬಣ್ಣದ, ಎಣ್ಣೆಯಂಥ ನೀರು ಬುಳಬುಳನೆ ಸುರಿದು ಅಧಿಕಾರಿಯ ಎಲೆಯ ಅಂಚಿಗೆ, ಷರಟಿನ ತೋಳಿಗೆ, ನನ್ನ ಸೀರೆಗೆ ಬಿತ್ತು.

ಆ ವಾಸನೆ! ರಾಮನಗರದಲ್ಲಿ ನಾಲ್ಕು ದಿನ ಇದ್ದವರಿಗೂ ಅದು ಗೊತ್ತು. ರೇಷ್ಮೆಗೂಡು ಕುದಿಸಿ ನೂಲು ಬಿಚ್ಚಿದ ಮೇಲೆ ಉಳಿಯುವ ನೀರು, ಸತ್ತ ಹುಳದ ಎಣ್ಣೆ ಇಳಿದ ನೀರು. ಬಿರುಕಿಗೆ ಹಳೆಯ ಬಣ್ಣ ಹಿಡಿಯಲಿ ಎಂದು ಗೊಂಬೆಗಳನ್ನು ವಾರಗಟ್ಟಲೆ ಆ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟಿದ್ದರು. ಒಳಗೆ ಸೇರಿದ ನೀರನ್ನು ಪೂರ್ತಿ ಬಸಿಯದೆ ಮೇಣ ಬಡಿದಿದ್ದರು. ಅದು ಒಳಗೇ ಕೊಳೆತಿತ್ತು. ಎಲೆಯ ಮೇಲೆ ಹುಳದ ಒಂದು ಚೂರೂ ಬಿದ್ದಿತ್ತು.

ಊಟಕ್ಕೆ ಕೂತಿದ್ದವರೆಲ್ಲ ಊರಿನವರೇ. ಎಲ್ಲರ ಮೂಗಿಗೂ ಅದು ಏನೆಂದು ತಿಳಿದಿತ್ತು. ಒಬ್ಬ ಎಲೆಯಿಂದ ಮುಖ ತಿರುಗಿಸಿ ಮೀಸೆಯ ಮೇಲೆ ಕೈ ಇಟ್ಟುಕೊಂಡ. ಭಾವ ಮಾತ್ರ ತಡವರಿಸದೆ ಅಂದರು:

"ಹಳೇ ಕಾಲ್ದ ತೈಲ ಸಾರ್! ಬಿರುಕು ಬಿಡ್ದೇ ಇರ್ಲಿ ಅಂತ ಒಳೀಕೆ ತುಂಬ್ಸೋರು."

"ಇದು ಹೊಸದು," ಎಂದೆ ನಾನು. "ಈ ವರ್ಷ ಮಾಡಿದ್ದು. ಮೂರೂ ನಕಲು. ಇದು ತೈಲ ಅಲ್ಲ ಸಾರ್, ಹುಳದ ನೀರು. ಮೊದಲು ಕೈ ತೊಳೆದುಕೊಳ್ಳಿ."

ಭಾವನ ಮುಖ ಕಪ್ಪಿಟ್ಟಿತು. ಅಧಿಕಾರಿ ಎದ್ದು ಹಿತ್ತಲಿನ ನಲ್ಲಿಗೆ ಹೋದರು. ನಾನು ಟವೆಲು ತೆಗೆದುಕೊಂಡು ಹಿಂದೆ ಹೋದೆ. ಮೋಸ ಹೋಗುವುದರಿಂದ ಒಬ್ಬರನ್ನು ಉಳಿಸಿದೆ ಎಂಬ ಸಮಾಧಾನ ಆ ಕ್ಷಣಕ್ಕೆ ಇತ್ತು. ಅವರು ತೋಳು ತೊಳೆದುಕೊಂಡು, ಟವೆಲು ಇಸಿದುಕೊಂಡು, ಬಹಳ ಸೌಜನ್ಯದಿಂದ ಹೇಳಿದರು:

"ನಕಲಿ ಅಂತ ನನಗೂ ಗೊತ್ತಾಯಿತು ಮೇಡಂ. ಪರವಾಗಿಲ್ಲ. ಇದು ನನ್ನ ಮನೆಗಲ್ಲ, ಕಂಪನಿಯ ಗೆಸ್ಟ್‌ಹೌಸಿಗೆ. ಅಸಲಿಯ ಬೆಲೆಯಲ್ಲೇ ತಗೊಳ್ತೀವಿ. ನಿಮ್ಮ ಭಾವನವರು ಆಮೇಲೆ ನನ್ನ ಪಾಲು ನೋಡಿಕೊಳ್ತಾರೆ." ಆಮೇಲೆ ಷರಟಿನ ತೋಳು ಮೂಸಿ ನೋಡಿ, "ಗೊಂಬೆಗಳನ್ನ ಚೆನ್ನಾಗಿ ತೊಳೆಸಿ ಕಳಿಸೋಕೆ ಹೇಳಿ, ಅಷ್ಟು ಸಾಕು," ಎಂದರು.

ಅವರು ಹೋಗಿ ಮತ್ತೆ ಊಟಕ್ಕೆ ಕೂತರು. ಬೇರೆ ಎಲೆ ಹಾಕಿದ್ದರು. ನಗು ಕೇಳಿಸಿತು. ನಾನು ಬಾಳೆಗಿಡಗಳ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಹುಳದ ನೀರಿಗಲ್ಲ. ಆ ನೀರಿನ ವಾಸನೆ ನಮ್ಮ ಬೀದಿಯಲ್ಲಿ ದಿನಾ ಇರುತ್ತಿತ್ತು, ನೂಲು ಬಿಚ್ಚಿ ಹೊಟ್ಟೆ ಹೊರೆಯುವವರ ಕೆಲಸದ ವಾಸನೆ ಅದು, ಅದಕ್ಕೆ ನಾನು ಎಂದೂ ಮೂಗು ಮುಚ್ಚಿದವಳಲ್ಲ.

ಅವತ್ತು ಗಂಡನಿಗೆ ಎಲ್ಲ ಹೇಳಿ, "ಭಾವನ ಈ ಮನೆಯ ಹಂಗು ನನಗೆ ಬೇಡ. ಗುಡಿಸಲಾದರೂ ಸರಿ, ಬೇರೆ ಕಡೆ ನೋಡಿ," ಎಂದೆ. ಅವರು, "ಚನ್ನಪಟ್ಟಣದಾಗೆ ನಮ್ ಜೊತೆ ಕೆಲ್ಸ ಮಾಡೋರ ಮನೆ ಒಂದು ಖಾಲಿ ಐತೆ. ಕೇಳ್ತೀನಿ," ಎಂದರು. ಅವರಿಂದ ನಾನು ಅಷ್ಟನ್ನು ನಿರೀಕ್ಷಿಸಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ದೊಡ್ಡ ಮನೆಗೆ ಹೋದೆ. ಭಾವ ಇರಲಿಲ್ಲ. ಅಕ್ಕ ಹಜಾರ ಗುಡಿಸುತ್ತಿದ್ದಳು. "ಗುಡೇಮಾರನಹಳ್ಳಿಯ ಗೊಂಬೆ ವಾಪಸ್ಸು ಕೊಟ್ಟು ಬರ್ತೀನಿ ಅಕ್ಕ. ನೀವು ಬೇಡ ಅಂದ್ರೂ ತಗೊಂಡು ಹೋಗ್ತೀನಿ," ಎಂದೆ. ಜಗಳಕ್ಕೆ ಸಿದ್ಧಳಾಗಿಯೇ ಬಂದಿದ್ದೆ. ಅವಳು ಪೊರಕೆ ಗೋಡೆಗಿಟ್ಟು, ಸೊಂಟದ ಬೀಗದಕೈ ತೆಗೆದು, ತಾನೇ ಗಾಜು ಸರಿಸಿ ಗೊಂಬೆ ಎತ್ತಿಕೊಟ್ಟಳು.

"ತಗಂಡೋಗವ್ವ. ಅದ್ರ ಮೇಲೆ ಕೈ ಆಡ್ಸದು ನೋಡೀ ನೋಡೀ ನಂಗೂ ಸಾಕಾಗೈತೆ. ಕೇಳಿದ್ರೆ ಕೈ ಜಾರಿ ಒಡ್ದೋಯ್ತು ಅಂತೀನಿ."

"ಬಯ್ಯಲ್ವಾ?"

"ಬಯ್ಲಿ. ಹೊಸ್ದಾ?"

ಹಳೆಯ ಸೀರೆಯಲ್ಲಿ ಸುತ್ತಿ ಮಾಗಡಿಯ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ಯಜಮಾನಿ ನನ್ನನ್ನು ಗುರುತು ಹಿಡಿದು ನಗುತ್ತಾ ಬಂದಳು. ಸೀರೆ ಬಿಚ್ಚಿದ್ದೇ ಅವಳ ನಗು ಹೋಯಿತು. ಎರಡು ಹೆಜ್ಜೆ ಹಿಂದೆ ಸರಿದಳು.

"ಇದ್ನ ಯಾಕ್ ತಂದೆ?"

ಕೈ ಮುಗಿದು ಎಲ್ಲ ಬಿಡಿಸಿ ಹೇಳಿದೆ. ಶಾಸ್ತ್ರದವನನ್ನು ಕಳಿಸಿದ್ದು ನಮ್ಮ ಭಾವ, ಅವನು ಹೇಳಿದ್ದು ಶುದ್ಧ ಸುಳ್ಳು, ಈ ಗೊಂಬೆಯಲ್ಲಿ ಯಾವ ದೋಷವೂ ಇಲ್ಲ, ಇದು ಬರೀ ಮಣ್ಣು ಮತ್ತು ಯಾರೋ ಒಳ್ಳೆಯ ಕೆಲಸಗಾರನ ಕೈ ಎಂದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದಳು:

"ಸುಳ್ಳೋ ದಿಟವೋ ನಂಗೊತ್ತಿಲ್ಲ ಕಣವ್ವ. ಇದು ಮನೆ ಬುಟ್ಟು ಹೋಯ್ತು, ನನ್ ಮಗ್ಳು ಬಸ್ರಿ ಆದ್ಲು. ಈಗ ಏಳು ತಿಂಗ್ಳು. ಒಳೀಕೆ ತರ್ಬ್ಯಾಡ, ನಿನ್ ಕಾಲಿಗ್ ಬೀಳ್ತೀನಿ."

ಭಾವನ ಕೊಳಕು ಸುಳ್ಳು ಆ ಮನೆಯಲ್ಲಿ ಬೇರು ಬಿಟ್ಟು ಫಲವನ್ನೂ ಕೊಟ್ಟಿತ್ತು. ಅದನ್ನು ಕಿತ್ತು ಹಾಕಲು ನನ್ನ ಸತ್ಯಕ್ಕೆ ಶಕ್ತಿ ಇರಲಿಲ್ಲ. ಶಕ್ತಿ ಇದ್ದರೂ ಏಳು ತಿಂಗಳ ಬಸುರಿಯ ತಾಯಿಯ ಎದುರು ವಾದ ಮಾಡುವುದು ಹೇಗೆ? ಅವಳು ನನ್ನನ್ನು ಮಾತ್ರ ಹಾಗೇ ಹೋಗಲು ಬಿಡಲಿಲ್ಲ. ಗೊಂಬೆಯನ್ನು ಜಗಲಿಯ ಆಚೆ, ಹುಲ್ಲಿನ ಮೆದೆಯ ಹತ್ತಿರ ಇಡಿಸಿ, ನನ್ನನ್ನು ಒಳಗೆ ಕೂರಿಸಿ ಬಿಸಿ ಮುದ್ದೆ, ಉಪ್ಸಾರು ಬಡಿಸಿದಳು. ಗೋಡೆಗೂಡಿನಲ್ಲಿ ಈಗ ಒಂದು ಪ್ಲಾಸ್ಟಿಕ್ ಹೂವಿನ ಕುಂಡ ಇತ್ತು. ಉಂಡೆ. ಕೈ ತೊಳೆದು ಗೊಂಬೆ ಎತ್ತಿಕೊಂಡು ಹೊರಟೆ. ಅವಳು ಬಾಗಿಲಲ್ಲೇ ನಿಂತಳು, ಬೀದಿಯ ತನಕ ಬರಲಿಲ್ಲ.

ನಾವು ಚನ್ನಪಟ್ಟಣಕ್ಕೆ ಬಂದೆವು. ಎರಡು ಕೋಣೆಯ ಮನೆ, ಪಕ್ಕದಲ್ಲಿ ಬಣ್ಣದ ಮರದ ಆಟಿಕೆ ಮಾಡುವ ಸಾಬರ ಕುಟುಂಬ, ದಿನವಿಡೀ ಮರ ಕಡೆಯುವ ಸದ್ದು. ಭಾವ ಬಹಳ ಕಾಲ ನಮ್ಮ ಜೊತೆ ಮಾತು ಬಿಟ್ಟರು. ಆಮೇಲೆ ಮಾತಾಡಿದರು, ಏನೂ ಆಗಿಲ್ಲವೆಂಬಂತೆ. ಅದು ಮಾತು ಬಿಟ್ಟದ್ದಕ್ಕಿಂತ ಅಸಹ್ಯವಾಗಿತ್ತು. ಅವರ ನಕಲುಗಳು ಎಷ್ಟು ಗೆಸ್ಟ್‌ಹೌಸುಗಳಲ್ಲಿ ಬೆಳಕು ಹಾಕಿಸಿಕೊಂಡು ಕೂತಿವೆಯೋ ನನಗೆ ಗೊತ್ತಿಲ್ಲ. ಅಕ್ಕ ವರ್ಷಕ್ಕೊಂದು ಸಲ ಬಂದು ಎರಡು ದಿನ ಇದ್ದು ಹೋಗುತ್ತಾಳೆ. ಗೊಂಬೆ ನಮ್ಮ ಮನೆಯ ಕಿಟಕಿಯ ಹತ್ತಿರ ಇದೆ. ಬಂದವಳು ಮೊದಲು ಅದರ ಮೇಲಿನ ದೂಳು ಒರೆಸಿ, ಆಮೇಲೆ ನನ್ನ ಹತ್ತಿರ ಕಾಫಿ ಕೇಳುತ್ತಾಳೆ.